ಬೆರಳು ತೆಗೆದ ಕಾಲಿಗೆ ಆಕ್ಸಿಜನ್: ಚೇಂಬರಾ, ಬೂಟಾ?

ಸಕ್ಕರೆ ಕಾಯಿಲೆಯವರ ಕಾಲ್ಬೆರಳೋ ಮುಂಗಾಲೋ ತೆಗೆದ ಮೇಲೆ ಮನೆಯವರಿಗೆ ಒಂದೇ ಚಿಂತೆ. ಉಳಿದ ಗಾಯ ಮಾಯುತ್ತಾ, ಇಲ್ಲಾ ಇನ್ನೂ ಮೇಲಕ್ಕೆ ಕತ್ತರಿಸಬೇಕಾ? ಆಕ್ಸಿಜನ್ ಥೆರಪಿಯ ಮಾತು ಬರುವುದು ಆಗಲೇ. ಅದಕ್ಕೆ ಎರಡು ದಾರಿ: ಒತ್ತಡ ಏರಿಸಿದ ಮುಚ್ಚಿದ ಕೋಣೆಯಲ್ಲಿ, ಅಂದರೆ ಚೇಂಬರಿನಲ್ಲಿ, ಆಕ್ಸಿಜನ್ ಉಸಿರಾಡುವುದು; ಇಲ್ಲಾ ಕಾಲಿಗೆ ಬೂಟಿನಂಥ ಸಾಧನ ಹಾಕಿ ಗಾಯದ ಮೇಲೇ ಆಕ್ಸಿಜನ್ ಬಿಡುವುದು.

ಚೇಂಬರಿನ ದಾರಿಗೆ ಬಲ ಬಂದದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಸರ್ಜನ್ ಇಟೆ ಬೂರೆಮಾ 1960ರ ಹೊತ್ತಿಗೆ ಹಂದಿಮರಿಗಳ ರಕ್ತದಿಂದ ಆಕ್ಸಿಜನ್ ಹೊರುವ ಕೆಂಪು ಕಣಗಳನ್ನು ಬಹುತೇಕ ತೆಗೆದುಬಿಟ್ಟರು. ಆಮೇಲೆ ಮೂರು ಪಟ್ಟು ಒತ್ತಡದ ಆಕ್ಸಿಜನ್‌ನಲ್ಲಿ ಅವನ್ನು ಬದುಕಿಸಿ ತೋರಿಸಿದರು. ಒತ್ತಡ ಏರಿದರೆ ಪ್ಲಾಸ್ಮಾದಲ್ಲೇ, ಅಂದರೆ ರಕ್ತದ ದ್ರವ ಭಾಗದಲ್ಲೇ, ಸಾಕಷ್ಟು ಆಕ್ಸಿಜನ್ ಕರಗುತ್ತದೆ.

ಇಟಲಿಯ 1996ರ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಚೇಂಬರ್ ಚಿಕಿತ್ಸೆ ಪಡೆದ 35 ಜನರಲ್ಲಿ 3 ಮಂದಿ ಪಾದದ ಗಂಟಿನಿಂದ ಮೇಲೆ ಕಾಲು ಕಳೆದುಕೊಂಡರು. ಪಡೆಯದ 33ರಲ್ಲಿ 11 ಮಂದಿ. ಆದರೆ ಪಡೆಯದವರಿಗೆ ಹೋಲಿಕೆಗಾಗಿ ಸುಳ್ಳು ಚಿಕಿತ್ಸೆ, ಅಂದರೆ ನಿಜದಂತೆ ಕಾಣುವ ಆದರೆ ಆಕ್ಸಿಜನ್ ಚಿಕಿತ್ಸೆ ಇಲ್ಲದ್ದು, ಕೊಟ್ಟಿರಲಿಲ್ಲ. ಸ್ವೀಡನ್ನಿನವರು 2010ರಲ್ಲಿ ಆ ಕೊರತೆ ತುಂಬಿದರು. ಒಂದು ಗುಂಪಿಗೆ ಚೇಂಬರಿನಲ್ಲಿ ಬರೀ ಗಾಳಿ ಕೊಟ್ಟರು. ವರ್ಷದ ಹೊತ್ತಿಗೆ ಆಕ್ಸಿಜನ್ ಗುಂಪಿನಲ್ಲಿ ಶೇ. 52 ಮಂದಿಯ ಹುಣ್ಣು ಮಾಯಿತು, ಗಾಳಿಯ ಗುಂಪಿನಲ್ಲಿ ಶೇ. 29. ಇನ್ನೇನು ತೀರ್ಮಾನವಾಯ್ತು ಅಂದುಕೊಳ್ಳುವಾಗ 2016ರಲ್ಲಿ ಕೆನಡಾದ 103 ಜನರ, 2018ರಲ್ಲಿ ನೆದರ್ಲೆಂಡ್ಸ್‌ನ 120 ಜನರ ಪ್ರಯೋಗಗಳಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ.

ಚೇಂಬರ್ ಸುಮ್ನೆ ಮಲಗಿ ಏಳುವ ಕೆಲಸವೂ ಅಲ್ಲ. ದಿನಕ್ಕೆ ಸುಮಾರು 90 ನಿಮಿಷ, ವಾರಕ್ಕೆ ಐದು ದಿನ, 30–40 ಸಲ. ಬೆಂಕಿಯ ಭಯಕ್ಕೆ ಹತ್ತಿ ಬಟ್ಟೆಯೇ ಬೇಕು, ತಲೆಗೆ ಎಣ್ಣೆ ಹಚ್ಚಿರಬಾರದು, ಮೊಬೈಲ್ ಹೊರಗೆ. ಕಿವಿ ಕಟ್ಟುತ್ತದೆ. ಸಕ್ಕರೆ ಇಳಿಯಬಹುದು, ಹಾಗಾಗಿ ಒಳಗೆ ಹೋಗುವ ಮುಂಚೆ ಬೆರಳಿಗೆ ಚುಚ್ಚಿ ನೋಡುತ್ತಾರೆ.

ಗಾಯದ ಮೇಲೇ ಆಕ್ಸಿಜನ್ ಬಿಡುವ ದಾರಿಯೂ ಹೊಸದಲ್ಲ. 1969ರಲ್ಲೇ ಬೊಗುಸ್ಲಾವ್ ಫಿಶರ್ ಎಂಬ ವೈದ್ಯರು ಬೆಡ್‌ಸೋರ್‌ಗಳ (ಮಲಗಿಯೇ ಇರುವವರಿಗೆ ಒತ್ತಿ ಆಗುವ ಹುಣ್ಣು) ಮೇಲೆ ಪ್ರಯತ್ನಿಸಿದ್ದರು. ಆಳಕ್ಕೆ ಇಳಿಯುವುದಿಲ್ಲ ಅಂತ ವೈದ್ಯರು ಬಹಳ ಕಾಲ ನಂಬಲಿಲ್ಲ. 2020ರಲ್ಲಿ ಮನೆಯಲ್ಲೇ ಕಾಲಿಗೆ ಬೂಟಿನಂತೆ ಹಾಕುವ ಸಾಧನವನ್ನು 73 ಜನರ ಮೇಲೆ, ಸುಳ್ಳು ಸಾಧನದ ಎದುರು ಪರೀಕ್ಷಿಸಿದರು. 12 ವಾರದಲ್ಲಿ ಶೇ. 41.7 ಮಂದಿಯ ಹುಣ್ಣು ಮುಚ್ಚಿತು, ಸುಳ್ಳು ಸಾಧನದವರಲ್ಲಿ ಶೇ. 13.5. ಈ ಅಂಕಿಯನ್ನು ಸ್ವೀಡನ್ನಿನ ಅಂಕಿಯ ಪಕ್ಕ ಇಟ್ಟು ಗೆದ್ದವರು ಯಾರು ಎನ್ನುವಂತಿಲ್ಲ. ರೋಗಿಗಳೇ ಬೇರೆ, ಅವಧಿಯೇ ಬೇರೆ.

ಇವೆಲ್ಲ ಹೆಚ್ಚಾಗಿ ಹಳೇ ಹುಣ್ಣುಗಳ ಮೇಲಿನ ಪ್ರಯೋಗಗಳು. ಅರ್ಧ ಪಾದ ತೆಗೆದವರ ಗಾಯಕ್ಕೇ ಅಂತ ನಡೆದ ಹೆಸರುವಾಸಿ ಪ್ರಯೋಗದಲ್ಲಿ, 2005ರಲ್ಲಿ, ಬಳಸಿದ್ದು ಆಕ್ಸಿಜನ್ ಅಲ್ಲ, ಗಾಯದ ನೀರು ಎಳೆಯುವ ವ್ಯಾಕ್ಯೂಮ್ ಪಂಪ್. 162 ಜನರಲ್ಲಿ ಪಂಪ್ ಗುಂಪಿನ ಶೇ. 56 ಮಂದಿ ಗುಣವಾದರು, ಮಾಮೂಲಿ ಡ್ರೆಸ್ಸಿಂಗ್ ಗುಂಪಿನಲ್ಲಿ ಶೇ. 39.

ನನ್ನ ಪ್ರಕಾರ ಚೇಂಬರಾ ಬೂಟಾ ಅನ್ನೋದು ಎರಡನೇ ಪ್ರಶ್ನೆ. ಚೇಂಬರಿನ ಆಕ್ಸಿಜನ್ ಗಾಯಕ್ಕೆ ಬರುವುದು ರಕ್ತದ ಮೂಲಕವೇ ಅಲ್ವಾ? ರಕ್ತನಾಳ ಕಟ್ಟಿದ್ದರೆ ಮೊದಲು ಅದನ್ನು ತೆರೆಯಬೇಕು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮಾಮೂಲಿ ಆರೈಕೆ ಸೋತ ಮೇಲೆ ಮಾತ್ರ ಎರಡನ್ನೂ ಯೋಚಿಸಬಹುದು ಎನ್ನುತ್ತದೆ. ಅದರಲ್ಲಿ ಚೇಂಬರ್ ರಕ್ತದ ಹರಿವು ಕಡಿಮೆಯಾದ ಹುಣ್ಣುಗಳಿಗೆ.