ಕರ್ಮ: ಪದ ಒಂದೇ, ಜಗಳ ಮೂರು ಮನೆಯದು

‘ಜೈನ ಮತ್ತು ಬೌದ್ಧ ಧರ್ಮಗಳ ಹೋಲಿಕೆಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವುದು ಒಂದೇ ಸಾಲು: ಎರಡೂ ಕರ್ಮ ಮತ್ತು ಪುನರ್ಜನ್ಮವನ್ನು ಒಪ್ಪುತ್ತವೆ. ಸಾಲು ತಪ್ಪಲ್ಲ. ಆದರೆ ಕರ್ಮ ಅಂದರೆ ಏನು ಎನ್ನುವುದರ ಮೇಲೇ ಅವರಿಬ್ಬರ ದೊಡ್ಡ ಜಗಳ ಇದೆ. ಆ ಜಗಳ ಗೊತ್ತಾದರೆ ಎರಡೂ ಧರ್ಮಗಳು ತಾವಾಗಿಯೇ ಬೇರೆ ಬೇರೆಯಾಗಿ ಕಾಣುತ್ತವೆ.

ಮೊದಲು ಸ್ವಲ್ಪ ಹಿಂದಕ್ಕೆ. ವೇದದ ಕಾಲದಲ್ಲಿ ಕರ್ಮ ಎಂದರೆ ಮುಖ್ಯವಾಗಿ ಯಜ್ಞದ ಕೆಲಸ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಅರ್ಥ ಹೊರಳುವ ಒಂದು ಜಾಗ ಇದೆ. ಸತ್ತ ಮೇಲೆ ಮನುಷ್ಯ ಏನಾಗುತ್ತಾನೆ ಎಂದು ಆರ್ತಭಾಗ ಎಂಬವನು ಕೇಳುತ್ತಾನೆ. ಋಷಿ ಯಾಜ್ಞವಲ್ಕ್ಯ ಅವನ ಕೈ ಹಿಡಿದು, ಇದು ಜನರ ನಡುವೆ ಆಡುವ ಮಾತಲ್ಲ ಎಂದು ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಇಬ್ಬರೂ ಮಾತಾಡಿದ್ದು ಕರ್ಮದ ಬಗ್ಗೆ: ಪುಣ್ಯದ ಕೆಲಸದಿಂದ ಒಳ್ಳೆಯವನು, ಪಾಪದ ಕೆಲಸದಿಂದ ಕೆಟ್ಟವನು. ಅಂದು ಗುಟ್ಟಾಗಿ ಆಡಿದ ಮಾತು ಇಂದು ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತದೆ!

ಜೈನರ ಮನೆ: ಕರ್ಮ ಒಂದು ಧೂಳು

ಜೈನರಿಗೆ ಕರ್ಮ ಬರೀ ಕೆಲಸವಲ್ಲ, ಲೆಕ್ಕವೂ ಅಲ್ಲ. ಅದು ನಿಜವಾದ ವಸ್ತು, ಪುದ್ಗಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಜೀವಕ್ಕೆ ಅಂಟಿಕೊಳ್ಳುತ್ತವೆ. ಒಣ ಬಟ್ಟೆಯ ಮೇಲೆ ಬಿದ್ದ ಧೂಳು ಕೊಡವಿದರೆ ಹೋಗುತ್ತದೆ, ಒದ್ದೆ ಬಟ್ಟೆಗೆ ಹತ್ತಿಕೊಳ್ಳುತ್ತದೆ ಅಲ್ವಾ? ಆ ಒದ್ದೆಯೇ ಕೋಪ, ಗರ್ವ, ಕಪಟ, ಲೋಭ. ಇವಕ್ಕೆ ಜೈನರಿಟ್ಟ ಹೆಸರು ಕಷಾಯ. ನಮ್ಮ ನೆಗಡಿಯ ಕಷಾಯವನ್ನೇ ನೆನೆಸಿಕೊಳ್ಳಿ, ಹೆಸರು ಮರೆಯುವುದಿಲ್ಲ.

ಜೈನ ಸಿದ್ಧಾಂತದ ಮುಖ್ಯ ಗ್ರಂಥ ತತ್ತ್ವಾರ್ಥಸೂತ್ರದ ಉಳಿದ ಪದಗಳಿಗೆ ತೂತು ಬಿದ್ದ ದೋಣಿಯ ಹಳೆಯ ಹೋಲಿಕೆ ಸಾಕು. ನೀರು ಒಳಗೆ ಬರುವುದು ಆಸ್ರವ, ನಿಂತುಕೊಳ್ಳುವುದು ಬಂಧ, ತೂತು ಮುಚ್ಚುವುದು ಸಂವರ, ನೀರು ಮೊಗೆದು ಹೊರಹಾಕುವುದು ನಿರ್ಜರೆ. ಮೊಗೆಯುವ ಸಾಧನ ತಪಸ್ಸು. ಜೈನರಲ್ಲಿ ಉಪವಾಸಕ್ಕೆ, ಆಹಾರ ಬಿಡುತ್ತಾ ದೇಹ ತ್ಯಜಿಸುವ ಸಲ್ಲೇಖನಕ್ಕೆ ಅಷ್ಟು ತೂಕ ಬಂದದ್ದು ಇದರಿಂದಲೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಹೀಗೆ ದೇಹ ಬಿಟ್ಟವರ ಶಾಸನಗಳು ಸಾಲುಸಾಲಾಗಿವೆ. ಎದುರಿನ ಬೆಟ್ಟದ ಬಾಹುಬಲಿಯ ಕತೆಯೂ ಇದೇ ಪಾಠ. ಬಳ್ಳಿ ಹಬ್ಬುವಷ್ಟು ಕಾಲ ನಿಂತರೂ ಕೇವಲಜ್ಞಾನ, ಅಂದರೆ ಎಲ್ಲವನ್ನೂ ಅರಿಯುವ ಪೂರ್ಣ ಜ್ಞಾನ, ಬರಲಿಲ್ಲ. ‘ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನಲ್ಲ’ ಎಂಬ ಒಂದು ಎಳೆ ಮನಸ್ಸಿನಲ್ಲಿ ಉಳಿದಿತ್ತು. ತಪಸ್ಸು ಬೆಟ್ಟದಷ್ಟು, ಆದರೂ ಅಷ್ಟು ಕಷಾಯ ಸಾಕಾಯಿತು.

ಬೌದ್ಧರ ಮನೆ: ಕರ್ಮ ಒಂದು ಉದ್ದೇಶ

ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬುದ್ಧ ಹೇಳುವುದು ಚುಟುಕಾಗಿದೆ: ಭಿಕ್ಷುಗಳೇ, ಚೇತನೆಯನ್ನೇ ನಾನು ಕರ್ಮ ಎನ್ನುತ್ತೇನೆ. ಚೇತನೆ ಎಂದರೆ ಇಲ್ಲಿ ಉದ್ದೇಶ, ಮನಸ್ಸು ಮಾಡುವುದು. ಕಣವೂ ಇಲ್ಲ, ಅಂಟೂ ಇಲ್ಲ. ಅಂಟಿಕೊಳ್ಳಲು ಶಾಶ್ವತವಾದ ಆತ್ಮವನ್ನೇ ಅವರು ಒಪ್ಪುವುದಿಲ್ಲ.

ಅಂಥದೇ ಇನ್ನೊಂದು ಸಂಗ್ರಹ ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ (ಸುತ್ತ ಎಂದರೆ ಉಪದೇಶ) ಈ ಜಗಳ ನೇರವಾಗಿಯೇ ನಡೆಯುತ್ತದೆ. ಉಪಾಲಿ ಮಹಾವೀರನ ಗೃಹಸ್ಥ ಶಿಷ್ಯ. ದೇಹದಿಂದ ಮಾಡಿದ ಪಾಪವೇ ಭಾರಿ ಎಂದು ವಾದಿಸಲು ಹೋಗುತ್ತಾನೆ. ಮನಸ್ಸಿನದ್ದೇ ಭಾರಿ ಎನ್ನುವ ಬುದ್ಧನಿಗೆ ಸೋತು ಶಿಷ್ಯನಾಗಿ ವಾಪಸಾಗುತ್ತಾನೆ. ಬರೆದವರು ಬೌದ್ಧರು, ಗೆದ್ದವರೂ ಅವರೇ. ಆಶ್ಚರ್ಯವೇನಿಲ್ಲ.

ಜೈನರೂ ಸುಮ್ನೆ ಕೂರಲಿಲ್ಲ. ತಮ್ಮ ಆಗಮಗ್ರಂಥ ಸೂತ್ರಕೃತಾಂಗದಲ್ಲಿ ಒಬ್ಬ ಬೌದ್ಧನ ಬಾಯಲ್ಲೇ ಹೀಗೆ ಹೇಳಿಸುತ್ತಾರೆ: ಹಿಂಡಿಯ ಮುದ್ದೆಯನ್ನು ಮನುಷ್ಯನೆಂದು ತಿಳಿದು ಚುಚ್ಚಿ ಸುಟ್ಟರೆ ಕೊಲೆಯ ಪಾಪ, ಮನುಷ್ಯನನ್ನೇ ಹಿಂಡಿಯೆಂದು ತಿಳಿದು ಸುಟ್ಟರೆ ಪಾಪವಿಲ್ಲ. ಮಗುವಿಗೂ ಸೋರೆಕಾಯಿಗೂ ಇದೇ ಲೆಕ್ಕ. ಓದಿದಾಗ ನಾನು ನಕ್ಕುಬಿಟ್ಟೆ. ಇದಕ್ಕಿಂತ ಹರಿತವಾದ ವ್ಯಂಗ್ಯ ಕಷ್ಟ.

ಆದರೆ ವ್ಯಂಗ್ಯವನ್ನು ಸಿದ್ಧಾಂತ ಎಂದು ಬರೆದುಕೊಳ್ಳಬೇಡಿ. ಬೌದ್ಧ ಸಂಘದ ನಿಯಮಗಳ ಗ್ರಂಥ ವಿನಯಪಿಟಕದಲ್ಲಿ ಒಬ್ಬ ಭಿಕ್ಷುವಿನ ಪ್ರಕರಣ ಬರುತ್ತದೆ. ಪೀಠದ ಮೇಲೆ ಬಟ್ಟೆ ಮುಚ್ಚಿ ಮಗುವನ್ನು ಮಲಗಿಸಿದ್ದರು. ಅವನು ನೋಡದೆ ಕುಳಿತ, ಮಗು ಸತ್ತಿತು. ಉದ್ದೇಶ ಇರಲಿಲ್ಲ, ಹಾಗಾಗಿ ಸಂಘದಿಂದ ಹೊರಹಾಕುವಂಥ ಅಪರಾಧವಲ್ಲ. ಆದರೆ ಇನ್ನು ಮುಂದೆ ನೋಡದೆ ಕುಳಿತರೆ ಅದೇ ಒಂದು ತಪ್ಪು ಎಂಬ ನಿಯಮ ಬಂತು. ಅತ್ತ ತತ್ತ್ವಾರ್ಥಸೂತ್ರ ಹಿಂಸೆಯನ್ನು ಹೇಗೆ ವಿವರಿಸುತ್ತದೆ ನೋಡಿ: ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಪ್ರಾಣ ತೆಗೆಯುವುದು. ಅಲ್ಲೂ ಒಳಗಿನ ಸ್ಥಿತಿಯೇ ಮುಖ್ಯ. ವಾದದಲ್ಲಿ ಕಾಣುವಷ್ಟು ದೂರ ಇವರು ನಿತ್ಯದ ನಡೆಯಲ್ಲಿ ಇರಲಿಲ್ಲ.

ಮೂರನೆಯ ಮನೆ: ಆಜೀವಿಕರು

ಮಹಾವೀರ, ಬುದ್ಧರ ಕಾಲದಲ್ಲೇ ಇದ್ದ ಇನ್ನೊಂದು ಸನ್ಯಾಸಿ ಪಂಥ ಇವರದು. ಪಠ್ಯಪುಸ್ತಕದಲ್ಲಿ ಇವರಿಗೆ ಸಿಗುವುದು ಜಾಸ್ತಿ ಅಂದರೆ ಎರಡು ಸಾಲು. ಮುಖ್ಯ ಗುರು ಮಕ್ಖಲಿ ಗೋಸಾಲ, ಮಹಾವೀರನ ಜೊತೆ 6 ವರ್ಷ ಇದ್ದವನು ಎಂದು ಜೈನರ ಭಗವತೀಸೂತ್ರ ಹೇಳುತ್ತದೆ. ಗೋಸಾಲನ ಪ್ರಕಾರ ಎಲ್ಲವೂ ನಿಯತಿ, ಅಂದರೆ ಮೊದಲೇ ನಿಗದಿಯಾದದ್ದು. ಪಾಪಕ್ಕೆ ಕಾರಣವಿಲ್ಲ, ಶುದ್ಧಿಗೂ ಕಾರಣವಿಲ್ಲ. ತಪಸ್ಸು ಮಾಡಿ ಕರ್ಮವನ್ನು ಬೇಗ ಮುಗಿಸಲೂ ಆಗದು. ದಾರದ ಉಂಡೆ ಎಸೆದರೆ ದಾರ ಇರುವಷ್ಟು ದೂರ ಬಿಚ್ಚಿಕೊಂಡು ಉರುಳುತ್ತದೆ. ಹಾಗೆಯೇ ಮೂರ್ಖನೂ ಜಾಣನೂ 84 ಲಕ್ಷ ಮಹಾಕಲ್ಪ (ಊಹೆಗೂ ಸಿಗದಷ್ಟು ದೀರ್ಘ ಯುಗಗಳು) ಸುತ್ತಿ ಕೊನೆ ಮುಟ್ಟುತ್ತಾರೆ. ಈ ದಾರದ ಉಂಡೆಯ ಮಾತು ಸಿಗುವುದು ಬೌದ್ಧರ ಸಾಮಞ್ಞಫಲ ಸುತ್ತದಲ್ಲಿ.

ಈಗ ನಮ್ಮ ಮನೆಯ ಮಾತು ಕೇಳಿಸಿಕೊಳ್ಳಿ. ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವವರೇ ಬಸ್ಸು ತಪ್ಪಿದಾಗ ಹಣೆ ಚಚ್ಚಿಕೊಂಡು ‘ನನ್ನ ಕರ್ಮ!’ ಎನ್ನುತ್ತಾರೆ. ಮೊದಲನೆಯದನ್ನು ಮಹಾವೀರನೂ ಬುದ್ಧನೂ ಒಪ್ಪಿಯಾರು. ಎರಡನೆಯದರಲ್ಲಿ ಬಾಯಿಗೆ ಬಂದದ್ದು ಕರ್ಮ, ಮನಸ್ಸಿನಲ್ಲಿರುವುದು ಹಣೆಬರಹ. ನನ್ನ ಮಟ್ಟಿಗೆ ಅದು ಗೋಸಾಲನಿಗೇ ಹತ್ತಿರ.

ಆಜೀವಿಕರ ಸ್ವಂತ ಗ್ರಂಥ ಒಂದೂ ಉಳಿದಿಲ್ಲ. ನಮಗೆ ಸಿಗುವುದು ಎದುರಾಳಿಗಳು ಬರೆದದ್ದು. ಹಿಂಡಿಯ ವ್ಯಂಗ್ಯವೊಂದನ್ನೇ ಇಟ್ಟುಕೊಂಡು ಬೌದ್ಧರನ್ನು ಅಳೆದರೆ ಹೇಗಿರುತ್ತಿತ್ತೋ, ಆಜೀವಿಕರನ್ನು ನಾವು ಅಳೆಯುತ್ತಿರುವುದು ಹಾಗೆ. ಅವರನ್ನು ನೇರವಾಗಿ ಮುಟ್ಟಬಹುದಾದ ಒಂದು ಜಾಗ ಬಿಹಾರದ ಬರಾಬರ್ ಬೆಟ್ಟ. ಅಲ್ಲಿ ಅಶೋಕ ಪಟ್ಟಕ್ಕೆ ಬಂದ 12 ವರ್ಷದ ಮೇಲೆ ಅವರಿಗೆ ಗುಹೆಗಳನ್ನು ಕೊಟ್ಟ. ಗ್ರಾನೈಟ್ ಗೋಡೆ ಕನ್ನಡಿಯಂತೆ ಹೊಳೆಯುತ್ತದೆ. ದಾನದ ಶಾಸನಗಳೂ ಇವೆ. ಕೆಲವು ಶಾಸನಗಳಲ್ಲಿ ‘ಆಜೀವಿಕ’ ಎಂಬ ಪದವನ್ನಷ್ಟೇ ಯಾರೋ ಉಳಿಯಿಂದ ಕೆತ್ತಿ ಅಳಿಸಲು ನೋಡಿದ್ದಾರೆ.