ಬ್ಲಾಕ್‌ಚೈನ್ ಜಾಲತಾಣ: ವಿಡಿಯೋ ಮಾಡುವವರಿಗೆ, ಬರೆಯುವವರಿಗೆ ಏನು ಸಿಗುತ್ತದೆ?

ಉಡುಪಿ, ಮಂಗಳೂರು ಕಡೆ ತುಳು ಹಾಸ್ಯ, ಯಕ್ಷಗಾನ, ಅಡುಗೆ ಅಂತ ವಿಡಿಯೋ ಮಾಡುವವರು ಜಾಸ್ತಿ. ಎಲ್ಲರಿಗೂ ಇರುವ ಹೆದರಿಕೆ ಒಂದೇ. ಕಂಪನಿ ಚಾನೆಲ್ ಮುಚ್ಚಿದರೆ ವರ್ಷಗಳ ದುಡಿಮೆ ಹೋಯಿತು. ಬ್ಲಾಕ್‌ಚೈನ್ ಜಾಲತಾಣಗಳು ಭರವಸೆ ಕೊಡುವುದು ಇಲ್ಲೇ. ಬ್ಲಾಕ್‌ಚೈನ್ ಬಗ್ಗೆ ಓದುವಾಗ ನಾವು ನೋಟ್ಸ್‌ನಲ್ಲಿ "ಮಧ್ಯವರ್ತಿ ಇಲ್ಲ" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಅಷ್ಟು ಸಾಲದು.

ಇಲ್ಲಿ ಖಾತೆ, ಪೋಸ್ಟ್, ವೋಟು, ಹಣದ ಲೆಕ್ಕ ಒಂದೇ ಕಂಪನಿಯ ಸರ್ವರ್‌ನಲ್ಲಿ ಇರುವುದಿಲ್ಲ. ಅದರ ಪ್ರತಿ ಹಲವರ ಕಂಪ್ಯೂಟರ್‌ಗಳಲ್ಲಿ ಇರುತ್ತದೆ. ಹೀಗೆ ಹಂಚಿಟ್ಟ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್, ಚುಟುಕಾಗಿ ಚೈನ್. ಖಾತೆಯ ಗುಪ್ತ ಕೀ, ಅಂದರೆ ಪಾಸ್‌ವರ್ಡ್‌ನಂಥದ್ದು, ನಿಮ್ಮ ಕೈಯಲ್ಲೇ. ಅದು ಕಳೆದರೆ ಹೊಸದು ಕೊಡುವ ಕಚೇರಿ ಸಾಮಾನ್ಯವಾಗಿ ಇರುವುದಿಲ್ಲ.

ಹಣ ಎಲ್ಲಿಂದ ಬರುತ್ತದೆ? ಇದೇ ಮುಖ್ಯ ಪ್ರಶ್ನೆ. 2016ರಲ್ಲಿ ಶುರುವಾದ ಸ್ಟೀಮಿಟ್ ಎಂಬ ಬ್ಲಾಕ್‌ಚೈನ್ ಜಾಲತಾಣ ನೋಡಿ. ಅಲ್ಲಿ ಬರೆಯುವವರಿಗೆ ಸಿಗುವುದು ಜಾಹೀರಾತಿನ ಹಣ ಅಲ್ಲ. ಚೈನ್ ಹೊಸ ಟೋಕನ್ (ಡಿಜಿಟಲ್ ನಾಣ್ಯ) ಹುಟ್ಟಿಸಿ, ವೋಟು ಬಿದ್ದ ಪೋಸ್ಟ್‌ಗಳಿಗೆ ಹಂಚುತ್ತದೆ. ಆ ಟೋಕನ್ ರೂಪಾಯಿ ಆಗಬೇಕಾದರೆ ಹೊರಗೆ ಯಾರಾದರೂ ಕೊಳ್ಳಬೇಕು. 2018ರ ಜನವರಿಯಲ್ಲಿ 7 ಡಾಲರ್ ದಾಟಿದ್ದ ಸ್ಟೀಮ್ ಎಂಬ ಆ ಟೋಕನ್ ಬೆಲೆ, ಅದೇ ವರ್ಷದ ಕೊನೆಗೆ ಅರ್ಧ ಡಾಲರ್‌ಗಿಂತ ಕೆಳಗಿತ್ತು. ಬರವಣಿಗೆ ಅಷ್ಟೇ ಚೆನ್ನಾಗಿದ್ದರೂ ಗಳಿಕೆ ಕುಸಿಯಿತು.

ಇನ್ನೊಂದು ತೊಡಕು, ಪೋಸ್ಟ್ ಹಾಕಿದ ಮೇಲೆ 7 ದಿನದ ಮಿತಿ. ಆಮೇಲೆ ಆ ಪೋಸ್ಟ್‌ಗೆ ವೋಟಿನ ಹಣ ಇಲ್ಲ. ನಮ್ಮವರು ಹಾಕಿದ ಪತ್ರೊಡೆ ವಿಡಿಯೋವನ್ನು ಪ್ರತಿ ಆಟಿ ತಿಂಗಳಲ್ಲೂ ಜನ ಹುಡುಕುತ್ತಾರೆ ಅಲ್ವಾ? ಅಂಥ ವಿಷಯಕ್ಕೆ ಈ ಪದ್ಧತಿ ಅನ್ಯಾಯ ಮಾಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ವೋಟಿನ ತೂಕವೂ ಸಮ ಅಲ್ಲ. ನಮ್ಮೂರಿನ ಸಹಕಾರಿ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಇಲ್ಲಿ ಹಾಗಲ್ಲ, ಟೋಕನ್ ಮಾರದೆ ಜಾಸ್ತಿ ಕಟ್ಟಿಟ್ಟವರ ವೋಟು ಭಾರ. ಅವರ ಒಂದು ವೋಟು ಸಾವಿರ ಓದುಗರ ಮೆಚ್ಚುಗೆಯನ್ನು ಮೀರಿಸಬಹುದು. ಅವರು ನಿಮ್ಮ ಪೋಸ್ಟ್‌ಗೆ ವಿರುದ್ಧ ವೋಟು ಹಾಕಿದರೆ ನಿಮ್ಮ ಹಣ ಸೊನ್ನೆಗೂ ಇಳಿಯಬಹುದು. ಕನ್ನಡದಲ್ಲೋ ತುಳುವಿನಲ್ಲೋ ಬರೆಯುವವರಿಗೆ ಇದು ಇನ್ನೂ ಕಷ್ಟ. ಭಾರದ ವೋಟು ಇರುವವರಿಗೆ ನಮ್ಮ ಭಾಷೆ ಓದಲು ಬರಬೇಕಲ್ಲ!

2020ರ ಘಟನೆಯನ್ನು ಎರಡು ಸಲ ಓದಿ. ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನಿನ ಸಂಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಕಂಪನಿಯ ಬಳಿ ದೊಡ್ಡ ಟೋಕನ್ ರಾಶಿ ಇತ್ತು. ಅದರ ಬಲದಿಂದ ಚೈನ್ ಸನ್ ಹಿಡಿತಕ್ಕೆ ಹೋದೀತು ಎಂದು ಚೈನ್ ನಡೆಸುತ್ತಿದ್ದವರು ಆ ರಾಶಿಯನ್ನು ಸ್ತಂಭನಗೊಳಿಸಿದರು. ಮಾರ್ಚ್‌ನಲ್ಲಿ ಕೆಲವು ಎಕ್ಸ್‌ಚೇಂಜ್‌ಗಳು (ಟೋಕನ್ ಕೊಳ್ಳುವ, ಮಾರುವ ತಾಣಗಳು) ಗ್ರಾಹಕರು ಇಟ್ಟಿದ್ದ ಟೋಕನ್ ಬಳಸಿ ಸನ್ ಪರ ವೋಟು ಹಾಕಿದವು. ಚೈನ್ ನಡೆಸುವವರನ್ನು ಆರಿಸುವುದೂ ಟೋಕನ್ ಬಲದ ವೋಟೇ, ಹಾಗಾಗಿ ಅವರು ಬದಲಾದರು. ಯಾರ ಕೈಯಲ್ಲೂ ಇಲ್ಲ ಎನ್ನುವ ಮಾತು ಅಲ್ಲಿ ನಿಲ್ಲಲಿಲ್ಲ.

ಆದರೆ ಮಾರ್ಚ್ 20ರಂದು ಬಳಕೆದಾರರು ಹೈವ್ ಎಂಬ ಹೊಸ ಚೈನ್ ಶುರುಮಾಡಿದರು. ಹಳೆಯ ಪೋಸ್ಟ್, ಖಾತೆಗಳು ಅವರ ಜೊತೆಗೇ ಹೋದವು. ಮಾಮೂಲಿ ಜಾಲತಾಣದಲ್ಲಿ ಮಾಲೀಕ ಬದಲಾದರೆ ನಾವು ಹೀಗೆ ಎದ್ದು ಹೋಗಲಾಗದು. ನನ್ನ ಮಟ್ಟಿಗೆ ಬ್ಲಾಕ್‌ಚೈನಿನ ನಿಜವಾದ ಕೊಡುಗೆ ಇದೇ, ಸಂಪಾದನೆ ಅಲ್ಲ.

ಇನ್ನು ಅಳಿಸುವ ವಿಷಯ. ದೈವದ ಕೋಲದ ವಿಡಿಯೋ ಹಾಕಬೇಡಿ ಅಂತ ನಮ್ಮಲ್ಲಿ ಎಷ್ಟೋ ಜನ ಕೇಳಿಕೊಳ್ಳುತ್ತಾರೆ. ಸಾಮಾನ್ಯ ಜಾಲತಾಣದಲ್ಲಾದರೆ ತೆಗೆಯಬಹುದು. ಚೈನ್‌ನಲ್ಲಿ ಪೋಸ್ಟ್ ತಿದ್ದಿದರೂ ಹಳೆಯ ಬರಹ ಇತಿಹಾಸದಲ್ಲಿ ಉಳಿಯುತ್ತದೆ. ವಿಡಿಯೋ ಕತೆ ಬೇರೆ. ಅದು ದೊಡ್ಡ ಕಡತ, ಸಾಮಾನ್ಯವಾಗಿ ಚೈನ್ ಹೊರಗೆ ಇರುತ್ತದೆ. ಅದನ್ನು ಇಟ್ಟುಕೊಂಡವರು ನಿಲ್ಲಿಸಿದರೆ ಲಿಂಕ್ ಮಾತ್ರ ಉಳಿಯುತ್ತದೆ. ಉಳಿಯಬೇಕಾದ ತಾಳಮದ್ದಳೆ ಹೋಗಿ, ಹೋಗಬೇಕಾದ ಬರಹ ಉಳಿಯಬಹುದು.

ತೆರಿಗೆ ಬಗ್ಗೆ ಇಷ್ಟು ಸಾಕು. ಟೋಕನ್ ಮಾರಿದ ಲಾಭಕ್ಕೆ ಭಾರತದಲ್ಲಿ 2022ರ ಏಪ್ರಿಲ್‌ನಿಂದ 30% ತೆರಿಗೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಟೋಕನ್ ಕೈಗೆ ಬಂದ ದಿನವೇ ಅವತ್ತಿನ ಬೆಲೆ ಬರೆದಿಟ್ಟುಕೊಳ್ಳಿ. ಲೆಕ್ಕಪರಿಶೋಧಕರು ಮೊದಲು ಕೇಳುವುದು ಅದನ್ನೇ.