ಮೃದ್ವಸ್ಥಿಯ ಸವೆತವನ್ನು ಅಳೆಯುವ ಎಂಆರ್‌ಐ ನನಗೆ ಬೇಕೇ?

ಪ್ರಶ್ನೆ: ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ. ಎಕ್ಸ್‌ರೇ, ಎಂಆರ್‌ಐ ಎರಡರಲ್ಲೂ ಏನೂ ಕಂಡಿಲ್ಲ. ಸವೆತವನ್ನು ಮೊದಲೇ ಅಳೆದು ಹೇಳುವ ಹೊಸ ಎಂಆರ್‌ಐ ಇದೆಯಂತೆ. ಅದನ್ನು ಮಾಡಿಸಬೇಕೇ?

ಉತ್ತರ: ಅಂಥ ಪರೀಕ್ಷೆ ಇರುವುದು ನಿಜ, ಆದರೆ ನಿಮ್ಮ ನೋವಿನ ಕಾರಣ ಹುಡುಕಲು ಅದು ಸರಿಯಾದ ದಾರಿಯಲ್ಲ.

ಮೃದ್ವಸ್ಥಿ ಎಂದರೆ ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರ; ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ. ಮೂಳೆಗಳ ನಡುವಿನ ಸಂದು ಕಿರಿದಾಗಿದ್ದರೆ ಅದು ಸವೆದಿರಬೇಕೆಂದು ವೈದ್ಯರು ಊಹಿಸುತ್ತಾರೆ. ಸಾಮಾನ್ಯ ಎಂಆರ್‌ಐ ಅದನ್ನು ನೇರವಾಗಿ ತೋರಿಸಿದರೂ, ಅಲ್ಲಿ ಸ್ಪಷ್ಟವಾಗುವುದು ಮುಖ್ಯವಾಗಿ ತೆಳುವಾಗಿರುವುದು, ಬಿರುಕು ಬಿಟ್ಟಿರುವುದು ಮುಂತಾದ ಆಕಾರದ ದೋಷಗಳು. ಕೆಡುಕು ಅದಕ್ಕೂ ಮೊದಲೇ ಆರಂಭವಾಗಿರುತ್ತದೆ. ಮೃದ್ವಸ್ಥಿಯ ತೂಕದ ಬಹುಪಾಲು ನೀರು. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಬಲೆಯೂ ಅದರೊಳಗಿನ, ಋಣ ವಿದ್ಯುದಂಶವುಳ್ಳ ಪ್ರೋಟಿಯೋಗ್ಲೈಕಾನ್ ಅಣುಗಳೂ ಆ ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಸವೆತದ ಮೊದಲ ಹಂತದಲ್ಲಿ ಈ ಅಣುಗಳು ಕಡಿಮೆಯಾಗಿ, ಎಳೆಗಳ ಜೋಡಣೆ ಸಡಿಲವಾಗುತ್ತದೆ.

ಟಿ2 ಮ್ಯಾಪಿಂಗ್ ಎಂಬ ವಿಧಾನ ಹಿಡಿಯಲು ಯತ್ನಿಸುವುದು ಈ ಬದಲಾವಣೆಯನ್ನೇ. ಒಂದೇ ಜಾಗದಿಂದ ಬರುವ ಸಂಕೇತವನ್ನು ಬೇರೆ ಬೇರೆ ಕ್ಷಣಗಳಲ್ಲಿ ದಾಖಲಿಸಿ, ಅದು ಎಷ್ಟು ಬೇಗ ಕುಗ್ಗುತ್ತದೆಂದು ಲೆಕ್ಕಹಾಕಿ, ಚಿತ್ರದ ಪ್ರತಿ ಬಿಂದುವಿಗೂ ಮಿಲಿಸೆಕೆಂಡುಗಳಲ್ಲಿ ಟಿ2 ಎಂಬ ಒಂದು ಅಂಕಿ ಕೊಡಲಾಗುತ್ತದೆ. ನೀರು ಹೆಚ್ಚಿ ಎಳೆಗಳು ಅಸ್ತವ್ಯಸ್ತವಾದಲ್ಲಿ ಅಂಕಿ ಏರುತ್ತದೆ. ಟಿ1 ರೋ ಎಂಬ ಇಂಥದೇ ಇನ್ನೊಂದು ವಿಧಾನ ಪ್ರೋಟಿಯೋಗ್ಲೈಕಾನ್ ನಷ್ಟಕ್ಕೆ ಹೆಚ್ಚು ಸ್ಪಂದಿಸುತ್ತದೆನ್ನುತ್ತಾರೆ. ಆ ಅಣುಗಳ ಋಣ ವಿದ್ಯುದಂಶದ ಸೆಳೆತಕ್ಕೆ ಸೇರುವ ಸೋಡಿಯಂ ಅನ್ನೇ ಅಳೆಯುವ ಸೋಡಿಯಂ ಎಂಆರ್‌ಐ ಇನ್ನೂ ನಿಖರವಾದೀತು, ಆದರೆ ಅದರ ಸಂಕೇತ ಬಹಳ ಕ್ಷೀಣವಾದ್ದರಿಂದ 7 ಟೆಸ್ಲಾದಂಥ (ಟೆಸ್ಲಾ ಕಾಂತಕ್ಷೇತ್ರದ ಬಲದ ಅಳತೆ) ಪ್ರಬಲ ಯಂತ್ರಗಳಲ್ಲೇ ಚೆನ್ನಾಗಿ ನಡೆಯುತ್ತದೆ.

ತೊಡಕಿರುವುದು ಅಂಕಿಯನ್ನು ಅರ್ಥಮಾಡಿಕೊಳ್ಳುವಲ್ಲಿ. ತೊಡೆಮೂಳೆಯ ತುದಿ ದುಂಡಗಿರುವುದರಿಂದ, ಅದರ ಮೇಲಿನ ಎಳೆಗಳು ಎಲ್ಲೋ ಒಂದೆಡೆ ಯಂತ್ರದ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿ ನಿಲ್ಲುತ್ತವೆ. ಆ ಜಾಗದಲ್ಲಿ ಮೃದ್ವಸ್ಥಿ ಆರೋಗ್ಯವಾಗಿದ್ದರೂ ಟಿ2 ಹೆಚ್ಚಾಗಿಯೇ ಬರುತ್ತದೆ. ಸ್ಕ್ಯಾನ್‌ಗೆ ಮುಂಚೆ ಓಡಿ ಬಂದವರಲ್ಲಿ, ಒತ್ತಡಕ್ಕೆ ನೀರು ಜರುಗಿರುವುದರಿಂದ, ಅದೇ ಅಂಕಿ ತುಸು ಇಳಿದಿರುತ್ತದೆ. ಯಂತ್ರ ಬದಲಾದರೂ ಅಂಕಿ ಬದಲಾಗುತ್ತದೆ. ಹೀಗಾಗಿ ಇಂತಿಷ್ಟು ಮೀರಿದರೆ ರೋಗ ಎಂಬ ಸರ್ವಸಮ್ಮತ ಗಡಿಯಿಲ್ಲ. ಅಮೆರಿಕದಲ್ಲಿ 2004ರಲ್ಲಿ ಆರಂಭವಾಗಿ 4,796 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್‌ನಂಥ ಮಂಡಿ ಸವೆತದ ಅಧ್ಯಯನಗಳಲ್ಲಿ, ಔಷಧ ಪರೀಕ್ಷೆಗಳಲ್ಲಿ, ಮೃದ್ವಸ್ಥಿ ದುರಸ್ತಿಯ ಶಸ್ತ್ರಚಿಕಿತ್ಸೆಯ ನಂತರದ ನಿಗಾದಲ್ಲಿ ಈ ಅಳತೆಗೆ ಬೆಲೆಯಿದೆ; ಒಬ್ಬರ ಒಂದೇ ಸ್ಕ್ಯಾನ್‌ನಿಂದ ತೀರ್ಮಾನಕ್ಕೆ ಬರುವುದು ಅವಸರವಾದೀತು.

ಇನ್ನು, ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ಮೆಟ್ಟಿಲು ಇಳಿಯುವಾಗಿನ ನೋವು ಹೆಚ್ಚಾಗಿ ಮಂಡಿಚಿಪ್ಪಿನ ಸುತ್ತಲಿನದು, ತೊಡೆಯ ಸ್ನಾಯುಗಳ ಬಲಹೀನತೆಗೆ ಸಂಬಂಧಿಸಿದ್ದು. ಮೂಳೆ ತಜ್ಞರು ಅಥವಾ ಫಿಸಿಯೋಥೆರಪಿಸ್ಟರು ಅದನ್ನು ಕೈಯಿಂದ ಪರೀಕ್ಷಿಸಿ ಹೇಳಬಲ್ಲರು. ಮೊದಲು ಅವರನ್ನು ಕಾಣಿ.